ದಿಲನಾಜಗೆ ಬರೆದ ನೋಟಿಸು

ಸಂಕ್ರಾಂತಿಯ ಎಳ್ಳುಬೆಲ್ಲ ಡಬ್ಬಿಯ ತಳಕ್ಕೆ ಇಳಿದಿದ್ದ ದಿನಗಳು. ಮುಂಬಯಿಯಲ್ಲಿ ಚಳಿ ಅಂತ ಒಂದು ಬರುತ್ತದೆ, ದೂರದ ನೆಂಟನ ಹಾಗೆ. ಬಾಗಿಲಲ್ಲೇ ನಿಂತು ಮುಖ ತೋರಿಸಿ ಹೋಗಿಬಿಡುತ್ತದೆ. ಅಂಥ ಚಳಿಯ ಒಂದು ಶುಕ್ರವಾರ, ಮುಲುಂಡಿನ ಸಮಾಧಾನ ಹೌಸಿಂಗ್ ಸೊಸಾಯಿಟಿಯಲ್ಲಿ ನಳಕ್ಕೆ ನೀರು ಬರುವ ಬೆಳಗಿನ ಹೊತ್ತಿಗೆ, ದಿಲನಾಜ ಹೊಸ ಕಮೀಜು ತೊಟ್ಟು ಗಂಡನ ಮುಂದೆ ಬಂದು ನಿಂತಳು. ಬದನೆಕಾಯಿ ಬಣ್ಣದ ಕಮೀಜು.

"ಹೆಂಗ ಕಾಣಸ್ತೀನಿ?" ಅಂತ ಕೇಳಿದಳು.

ಜುನೇದ್ ನೋಡಿದ. ಚೆನ್ನಾಗಿಯೇ ನೋಡಿದ. ಆದರೆ ಅವನಿಗೆ ಮಾತೆಂದರೆ ಆಳದ ಭಾವಿಯ ನೀರು. ಹಗ್ಗ ಬಿಡಬೇಕು, ಕೊಡ ಮುಳುಗಬೇಕು, ಆಮೇಲೆ ಜಗ್ಗಬೇಕು. ಅವನು ಹಗ್ಗ ಬಿಡುತ್ತಿದ್ದ. ಕೊಡ ಇನ್ನೂ ಮುಳುಗಿರಲಿಲ್ಲ. ಅಷ್ಟರಲ್ಲಿ ಬಚ್ಚಲ ಮೋರಿಯ ನಳ ಗೊರ್ರ್ ಅಂದಿತು.

"ನೀರು ಬಂತು," ಅಂದ ಜುನೇದ್.

ದಿಲನಾಜ ಅವನನ್ನು ಒಂದು ಸಲ ನೋಡಿದಳು, ನಳವನ್ನು ಒಂದು ಸಲ ನೋಡಿದಳು. "ಲಗ್ನ ಆಗಿ ಇವತ್ತಿಗೆ ವರ್ಷ ಆತು. ನಳಾನ ನಿಮಕಿಂತ ಜಾಸ್ತಿ ಮಾತಾಡ್ತದ," ಅಂದವಳೇ ಚೀಲ ತುಂಬಿಕೊಂಡು ಮಲಾಡಿನ ತವರಿಗೆ ಹೋದಳು. ಕೊಡಗಳೆಲ್ಲ ತುಂಬಿ ಹರಿದವು. ನಳ ತಿರುವಬೇಕೆಂದು ಜುನೇದನಿಗೆ ನೆನಪಾಗಲಿಲ್ಲ.

ಮಾರನೆಯ ದಿನ ಶನಿವಾರ, ಆಫೀಸಿಗೆ ರಜೆ. ದಾದರಿನ ಆಫೀಸೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಅವನದು. ಬಾಯಿ ಇಲ್ಲದವನಿಗೆ ದೇವರು ಬೆರಳು ಕೊಟ್ಟಿರುತ್ತಾನೆ. ಆ ಬೆರಳುಗಳಿಂದ ಅವನು ಸೊಸಾಯಿಟಿಗೆ ಒಂದು ಪುಟ್ಟ ಬ್ಲಾಗ್ ಯಂತ್ರ ಮಾಡಿಕೊಟ್ಟಿದ್ದ. ಸೆಕ್ರೆಟರಿ ಶರಣಬಸಪ್ಪನವರು ಗಂಟುಬಿದ್ದು ಮಾಡಿಸಿಕೊಂಡದ್ದು. ಗಿರಣಿ ಇದ್ದ ಹಾಗೆ ಅದು: ಈ ಕಡೆ ಕಾಳು ಹಾಕಿದರೆ ಆ ಕಡೆ ಹಿಟ್ಟು. ಒಂದು ಫೋಲ್ಡರಿನಲ್ಲಿ ಸಾದಾ ಬರಹ ಇಟ್ಟರೆ ಸಾಕು. ಸಾಲಿನ ಮುಂದೆ # ಅಂತ ಒಂದು ಜಾಲರಿ ಗುರುತು ಹಾಕಿದರೆ ಅದು ತಲೆಬರಹ, ಮಾತಿನ ಎರಡೂ ಕಡೆ ಜೋಡಿ ನಕ್ಷತ್ರ ಇಟ್ಟರೆ ದಪ್ಪಕ್ಷರ. ಮಾರ್ಕ್‌ಡೌನ್ ಅನ್ನುತ್ತಾರೆ ಆ ಬರೆಯುವ ಬಗೆಗೆ. ಯಂತ್ರ ಅದನ್ನು ತಿರುವಿ ಚೊಕ್ಕ ಪುಟ ಮಾಡಿ ಇಂಟರ್ನೆಟ್ಟಿಗೆ ಏರಿಸಿ, ಸೊಸಾಯಿಟಿಯವರ ಫೋನಿಗೆಲ್ಲ ಟಿಣ್ ಅಂತ ಸುದ್ದಿ ಮುಟ್ಟಿಸುತ್ತಿತ್ತು. ಮೊದಲು ಜುನೇದ್ ಗುಂಡಿ ಒತ್ತಿದರೆ ಮಾತ್ರ ತಿರುಗುತ್ತಿತ್ತು. "ನೀ ಆಫೀಸಿಗಿ ಹ್ವಾದ್ರ ಒತ್ತಾವ್ರು ಯಾರು? ತಾನಾ ತಿರಗೂ ಹಂಗ ಮಾಡು," ಅಂತ ಶರಣಬಸಪ್ಪನವರು ಆ ವಾರವಷ್ಟೇ ಮಾಡಿಸಿದ್ದರು.

ನೀರಿನ ವೇಳೆ, ಲಿಫ್ಟು ಕೆಟ್ಟದ್ದು, ಮೀಟಿಂಗು, ಎಲ್ಲ ಅದರಲ್ಲೇ ಬರುತ್ತಿತ್ತು. ಸೊಸಾಯಿಟಿಯಲ್ಲಿ ಅರ್ಧಕ್ಕರ್ಧ ಬಿಜಾಪುರ, ಕಲಬುರ್ಗಿ ಕಡೆಯ ಮಂದಿ. ಹಾಗಾಗಿ ನೋಟಿಸು ಮರಾಠಿಯಲ್ಲೂ ಇರುತ್ತಿತ್ತು, ಕನ್ನಡದಲ್ಲೂ ಇರುತ್ತಿತ್ತು.

ಶನಿವಾರ ಬೆಳಿಗ್ಗೆ ಜುನೇದ್ ಹೆಂಡತಿಗೆ ಬರೆಯಲು ಕೂತ. ಹಿಂದಿಯಲ್ಲಿ ಬರೆದರೆ ಆಫೀಸಿನ ಮಾತಾಯಿತು. ಬಿಜಾಪುರ ಕಡೆಯ ಇಂಡಿ ಊರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆದ:

"ದಿಲನಾಜ, ಆ ಬದನಿ ಬಣ್ಣದ ಕಮೀಜಿನಾಗ ನೀ ನಿಂತಾಗ ನನಗ ಉಸರು ಹಿಡಿದಿತ್ತು. ಮಾತು ಹುಡಕಾಕತ್ತಿದ್ದೆ. ನಳ ಮೊದಲ ಬಂತು. ನೀ ನಗುವಾಗ ಮೂಗಿನ ಮ್ಯಾಲ ಒಂದು ಸುಕ್ಕು ಬೀಳ್ತದ. ಅದು ನನಗ ದಿನಾ ಬೇಕು. ಮನಿಗಿ ಬಾ."

ಕೊನೆಯ ಎರಡು ಮಾತಿಗೆ ನಕ್ಷತ್ರ ಇಟ್ಟು ದಪ್ಪ ಮಾಡಿದ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಚಹಾ ಆರಿತ್ತು. ಬರೆದದ್ದು ಕಳೆಯಬಾರದೆಂದು ಕೈರೂಢಿಯಿಂದ ಉಳಿಸಿದ. ಕೈರೂಢಿಯಿಂದಲೇ ಅದೇ ಫೋಲ್ಡರಿನಲ್ಲಿ ಉಳಿಸಿದ.

ಎದುರು ಮನೆಯಲ್ಲಿ ಟಿಣ್ ಅಂದಿತು. ಮೇಲಿನ ಮಹಡಿಯಲ್ಲಿ ಟಿಣ್. ಕೆಳಗೆ ಟಿಣ್ ಟಿಣ್. ಕುರಿಹಿಂಡು ಕದಲಿದ ಹಾಗೆ ಇಡೀ ಕಟ್ಟಡ ಟಿಣ್ಗುಟ್ಟಿತು. ಮಲಾಡಿನಲ್ಲಿ ದಿಲನಾಜಳ ಫೋನೂ ಟಿಣ್ ಅಂದಿರಬೇಕು.

ಯಂತ್ರಕ್ಕೆ ನಾಚಿಕೆ ಇರುವುದಿಲ್ಲ. ನೀರಿನ ವೇಳೆಯ ಕೆಳಗೆ ದಿಲನಾಜಳ ಮೂಗಿನ ಸುಕ್ಕು ಪ್ರಕಟವಾಗಿತ್ತು.

ಮೊದಲು ಬಂದವಳು ಎದುರು ಮನೆಯ ನೀಲಾವತಿ. ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು, ಬಗಲಲ್ಲಿ ಫೋನಿತ್ತು.

"ಏನಪಾ ಜುನೇದ್, ಇದರಾಗ ಕಾಮೆಂಟ್ ಬರಿಯೂ ಜಾಗಾ ಎಲ್ಲೈತಿ?"

"ಇಲ್ರಿ ಅಕ್ಕಾ. ಇದು ಬರೇ ಓದೂ ಪುಟ."

"ಹಂಗಾರ ಇಲ್ಲೇ ಹೇಳ್ತೀನಿ," ಅಂತ ಕುರ್ಚಿ ಎಳೆದುಕೊಂಡು ಕೂತಳು. "ಹೆಂಡತಿ ಕಮೀಜು, ಹೆಂಡತಿ ಮೂಗು, ಇದೆಲ್ಲಾ ಬೋರ್ಡಿಗಿ ಹಚ್ಚತಾರೇನೋ? ಸಣ್ಣ ಹುಡುಗರು ಓದ್ತಾವು. ನಮ್ಮ ಮನಿಯವ್ರೂ ಓದ್ಯಾರ. ಓದಿ, ನನ್ನ ಮಾರಿ ನೋಡಿ, ಮತ್ತ ಓದಾಕತ್ಯಾರ."

ಜುನೇದ್ ಪುಟ ತೆಗೆದುಹಾಕಲು ಕೈ ಮುಂದೆ ಮಾಡಿದ. ಬಾಗಿಲಲ್ಲಿ ಶರಣಬಸಪ್ಪನವರ ಕೆಮ್ಮು ಕೇಳಿತು. ರೈಲ್ವೆಯಿಂದ ನಿವೃತ್ತರಾದವರು, ಕಾಯಿದೆಯಿಂದ ಇನ್ನೂ ಆಗಿರಲಿಲ್ಲ.

"ತಗಿಬ್ಯಾಡ. ಒಮ್ಮಿ ಹಚ್ಚಿದ ನೋಟಿಸು ವಾರದ ತನಕ ತಗಿಯೂ ಹಂಗಿಲ್ಲ. ನಾನಾ ಮಾಡಿದ ಕಾಯಿದೆ. ತಿದ್ದಪಡಿ ಮಾಡಬಹುದು."

"ಮಾಡ್ರಿ, ತಿದ್ರಿ," ಅಂದಳು ನೀಲಾವತಿ. "ಮೊದಲ ಆ ಮೂಗು ತಗಿ."

ಬೇಡ ಅನ್ನಲು ಜುನೇದ್ ಹಗ್ಗ ಬಿಟ್ಟ. ಕೊಡ ಮುಳುಗುವ ಮೊದಲೇ ಎಲ್ಲರೂ ಅವನ ಪರದೆಯ ಮೇಲೆ ಬಗ್ಗಿದ್ದರು. ಮೂಗು ಹೋಯಿತು. ಉಳಿಸಿದ. ಟಿಣ್.

ಆ ಟಿಣ್ ಕೇಳಿ ಕೆಳಗಿನಿಂದ ಶರೀಫ ಚಾಚಾ ಹತ್ತಿ ಬಂದ. ಮೂಲೆಯ ಟೇಲರ್ ಅಂಗಡಿ ಅವನದು. ಕೊರಳಲ್ಲಿ ಅಳತೆಯ ಪಟ್ಟಿ ಹಾರದ ಹಾಗೆ ಜೋತಿತ್ತು.

"ಬೇಟಾ, ಕಮೀಜ್ ಬಗ್ಗೆ ಚೊಲೋ ಬರದೀ. ಹೊಲದಾಂವ ಯಾರಂತ ಹಾಕಿಲ್ಲ?"

"ಚಾಚಾ, ಕಮೀಜ ತಗಿಯಾಕತ್ತೀವಿ," ಅಂದಳು ನೀಲಾವತಿ.

"ತಗೀತೀರಿ? ಅಂಥಾ ಕಟಿಂಗ್ ಮುಲುಂಡದಾಗ ಇನ್ನೊಬ್ಬ ಮಾಡಿ ತೋರಸ್ಲಿ."

"ಅದು ಜಾಹೀರಾತು ಆಗ್ತೈತಿ. ಕಮಿಟಿ ಪರವಾನಗಿ ಬೇಕು," ಅಂದರು ಶರಣಬಸಪ್ಪನವರು. ಕಮೀಜು ಹೋಯಿತು. ಟಿಣ್.

ಶರೀಫ ಚಾಚಾ ಬೇಸರದಿಂದ ಕಿಟಕಿಯ ಕಟ್ಟೆಗೆ ಕೂತ. ಕೂತವನು ಕೂತಲ್ಲಿಂದಲೇ ಕೇಳಿದ: "ದಿಲನಾಜ ಬೇಟಿ ಹುಟ್ಟಿದ್ದು, ಬೆಳದದ್ದು ಎಲ್ಲಾ ಮಲಾಡದಾಗ. ಆಕಿಗಿ ಕನ್ನಡ ಓದಾಕ ಬರ್ತದೇನು?"

ದಿಲನಾಜ ಕನ್ನಡ ಮಾತಾಡುವುದರಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಅಕ್ಷರ ಮಾತ್ರ ಅವಳಿಗೆ ಜಿಲೇಬಿಯ ತಾಟು. ಜುನೇದನ ಮುಖ ಸುಣ್ಣದ ಗೋಡೆಯಾಯಿತು. ಒಂದು ವರ್ಷ ಅವಳೊಡನೆ ಕನ್ನಡದಲ್ಲೇ ಬಾಳಿದವನಿಗೆ ಈ ಮಾತು ಹೊಳೆದಿರಲಿಲ್ಲ.

"ಮನ್ಯಾಗ ಯಾರು ಓದ್ತಾರ?" ಶರಣಬಸಪ್ಪನವರು ಕೇಳಿದರು.

"ಅವರ ಅಮ್ಮಿ," ಅಂದ ಜುನೇದ್.

ನಜಮುನ್ನೀಸಾ ಹುಟ್ಟಿದ್ದು ಸಿಂದಗಿಯಲ್ಲಿ. ಕನ್ನಡ ಶಾಲೆಯಲ್ಲಿ ಪದ್ಯ ಕಂಠಪಾಠ ಮಾಡಿ ಬಹುಮಾನ ತೆಗೆದುಕೊಂಡ ಹೆಣ್ಣುಮಗಳು. ಈಗಲೂ ಪೊಟ್ಟಣ ಕಟ್ಟಿ ಬಂದ ಕನ್ನಡ ಪೇಪರು ಸಿಕ್ಕರೆ ಗಟ್ಟಿಯಾಗಿ ಓದದೆ ಒಲೆಗೆ ಹಾಕುತ್ತಿರಲಿಲ್ಲ.

"ಅಂದ್ರ ನೀ ಬರದದ್ದು ಅತ್ತಿ ಓದಿ ಮಗಳಿಗಿ ಹೇಳ್ಬೇಕು," ನೀಲಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಉಸರು ಹಿಡೀತು, ದಿನಾ ಬೇಕು, ಎಲ್ಲಾ."

"ತೌಬಾ," ಅಂದ ಶರೀಫ ಚಾಚಾ.

ಅಲ್ಲಿಂದ ಮುಂದೆ ಕೆಲಸ ಜೋರಾಗಿ ನಡೆಯಿತು. ಓದುವವರು ಯಾರೋ ಅವರಿಗೆ ತಕ್ಕ ಹಾಗೆ ಬರೆಯಬೇಕು ಅಂತ ಮೂವರೂ ಒಪ್ಪಿದರು. ಉಸಿರು ಹೋಯಿತು, ಬೇಕು ಅನ್ನುವುದೂ ಹೋಯಿತು. ನಾಲ್ಕು ಮಂದಿಯ ಎದುರು ಹೆಂಡತಿಯ ಹೆಸರು ಎತ್ತುವುದು ನಮ್ಮ ಕಡೆ ಪದ್ಧತಿ ಅಲ್ಲ ಅಂತ ಚಾಚಾ ಅಂದ. ಹೆಸರು ಹೋಯಿತು. ನೋಟಿಸು ಅಂದಮೇಲೆ ಮೇಲೊಂದು ವಿಷಯ ಇರಬೇಕು ಅಂತ ಶರಣಬಸಪ್ಪನವರು ಒಂದು ವಿಷಯ ಕೂಡಿಸಿದರು. ಅತ್ತೆಯ ಕೈ ಅಡಿಗೆ ಹೊಗಳದೆ ಯಾವ ಅಳಿಯನಿಗೂ ಹೆಂಡತಿ ತಿರುಗಿ ಸಿಕ್ಕಿದ್ದಿಲ್ಲ ಅಂತ ನೀಲಾವತಿ ಖೀಮಾದಿಂದ ಹಿಡಿದು ಉಪ್ಪಿನಕಾಯಿ ತನಕ ಬರೆಸಿದಳು. ಒಂದೊಂದಕ್ಕೂ ಟಿಣ್, ಒಂದೊಂದು ಟಿಣ್ಣಿಗೂ ಬಾಗಿಲಲ್ಲಿ ಹೊಸದೊಂದು ಮುಖ. ಅವರಿಗೆಲ್ಲ ಚಹಾ ಮಾಡಿ ಕೊಡುವ ಕೆಲಸವೂ ಜುನೇದನಿಗೇ ಬಿತ್ತು. ಅವನು ಒಳಗೆ ಚಹಾ ಸೋಸುತ್ತಿದ್ದರೆ ಹೊರಗೆ ಅವನ ಮನಸ್ಸು ಬರೆದಾಗುತ್ತಿತ್ತು.

ಕೊನೆಗೆ, "ಮಗಳ ಜೋಡಿ ಬರ್ರಿ," ಅಂತ ಒಂದು ಸಾಲು ಉಳಿದಿತ್ತು. ಅದರ ಮೇಲೆ ಜುನೇದ್ ಕೈಯಿಟ್ಟು ಕಾಯ್ದ.

"ಅದೂ ತಗಿ," ಅಂದಳು ನೀಲಾವತಿ. "ಹೆಂಡತಿ ಸಲುವಾಗಿ ಬೆಣ್ಣಿ ಹಚ್ಚಾಕತ್ಯಾನ ಅಂತ ತಿಳೀತದ. ತಾಯಿ ಹೊಂಟ್ರ ಮಗಳು ಒಬ್ಬಾಕೀನ ಕೂಡ್ತಾಳೇನು? ತಾನಾ ಬರ್ತಾಳ."

ಎಲ್ಲರಿಗೂ ಹೌದೆನ್ನಿಸಿತು. ಜುನೇದ್ ಕೈ ತೆಗೆದ. ಟಿಣ್.

ಈಗ ಪುಟದಲ್ಲಿ ಇದ್ದದ್ದು ಇಷ್ಟು: "ವಿಷಯ: ಮನೆಗೆ ಬರುವ ಬಗ್ಗೆ. ಮಾನ್ಯ ಅತ್ತೆಯವರೇ, ನಿಮ್ಮ ಕೈಯ ಖೀಮಾ, ನಿಮ್ಮ ಕೈಯ ಉಪ್ಪಿನಕಾಯಿ ನೆನೆದರೆ ಈ ಮನೆಯ ಒಲೆಗೆ ಕಳೆ ಇಲ್ಲ. ಈ ಮನೆ ನಿಮ್ಮದು. ದಯಮಾಡಿ ಬರಬೇಕು." ಶರಣಬಸಪ್ಪನವರ ಒತ್ತಾಯಕ್ಕೆ ಅಷ್ಟೂ ದಪ್ಪಕ್ಷರದಲ್ಲಿತ್ತು.

ಮೊದಲು ಬರೆದದ್ದು ಎಲ್ಲಾದರೂ ಉಳಿದಿದೆಯೇ ಅಂತ ಜುನೇದ್ ಹುಡುಕಿದ. ಸಾದಾ ಯಂತ್ರ ಅದು. ಹೊಸ ಹಿಟ್ಟು ಬಿದ್ದ ಮೇಲೆ ಹಳೆಯ ಕಾಳನ್ನು ಅದು ತಿರುಗಿ ಕೊಡುವುದಿಲ್ಲ. ಇನ್ನೊಮ್ಮೆ ಬರೆಯಲು ಕೂತ. ಭಾವಿ ಒಣಗಿತ್ತು.

ಸಂಜೆ ಗೇಟಿನ ಮುಂದೆ ರಿಕ್ಷಾ ನಿಂತಿತು. ಮನೆಗಳ ಮುಂದಿನ ಗ್ಯಾಲರಿಯಲ್ಲಿ ಮಂದಿ ಸಾಲುಗಟ್ಟಿದರು. ಜುನೇದ್ ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಅಷ್ಟು ಲಗೂನೆ ಅವನು ಯಾವುದಕ್ಕೂ ಇಳಿದವನಲ್ಲ.

ರಿಕ್ಷಾದಿಂದ ಮೊದಲು ಒಂದು ಉಪ್ಪಿನಕಾಯಿ ಭರಣಿ ಇಳಿಯಿತು. ಆಮೇಲೆ ಹಾಸಿಗೆಯ ಸುರುಳಿ. ಆಮೇಲೆ ದೊಡ್ಡದೊಂದು ಪೆಟ್ಟಿಗೆ. ಎಲ್ಲಕ್ಕೂ ಕಡೆಗೆ, ಮೊಣಕಾಲು ಹಿಡಿದುಕೊಂಡು ನಜಮುನ್ನೀಸಾ ಇಳಿದರು. ಅವರ ಹಿಂದೆ ಯಾರೂ ಇಳಿಯಲಿಲ್ಲ. ಜುನೇದ್ ಬಗ್ಗಿ ರಿಕ್ಷಾದ ಒಳಗೆ ನೋಡಿದ. ಡ್ರೈವರು ತಾನೂ ಒಮ್ಮೆ ತಿರುಗಿ ನೋಡಿದ.

"ಪೂರಾ ಬಿಲ್ಡಿಂಗ್ ನನಗ ಕಾಯಾಕತ್ತೈತಿ," ಅಂತ ನಜಮುನ್ನೀಸಾ ಮೇಲೆ ನೋಡಿ ಕಣ್ಣೊರೆಸಿಕೊಂಡರು. "ಬೇಟಾ, ಸಂಸಾರ ಮಾಡಿ ಮುದುಕಿ ಆದೆ. ನನ್ನ ಕೈ ಊಟ ಚೊಲೋ ಐತಿ ಅಂತ ಒಬ್ಬರ ಬಾಯಾಗೂ ಬರಲಿಲ್ಲ. ನೀ ಬರದಿ. ಅದೂ ದಪ್ಪ ಅಕ್ಷರದಾಗ."

"ದಿಲನಾಜ?" ಅಂದ ಜುನೇದ್.

"ಆಕಿ ಮುಂಜಾನಿಂದ ಫೋನು ನೋಡೇ ಇಲ್ಲ. ಸೊಸಾಯಿಟಿದು ನೀರಿನ ನೋಟಿಸು, ಬಿಡು ಅಮ್ಮಿ ಅಂದಳು. ಫೋನು ಬಡಕೊಳ್ಳೂದು ನಿಲ್ಲಲೇ ಇಲ್ಲ, ಆಮ್ಯಾಲ ನಾನಾ ತಗದು ಓದಿದೆ. ಪೂರ್ತಿ ಕೇಳಿದಳು. ನನ್ನ ಹೆಸರು ಎಲ್ಲೈತಿ ಅಂದಳು. ಇಲ್ಲ ಮಗಳ ಅಂದೆ. ಮತ್ತೊಮ್ಮಿ ಓದು ಅಂದಳು. ಮತ್ತೂ ಇರಲಿಲ್ಲ. ನೀ ಹೋಗು ಅಮ್ಮಿ, ಅವರು ನಿನಗಾ ಕರದಾರ, ನಾ ಇಲ್ಲೇ ಇರ್ತೀನಿ ಅಂತ ಬಾಗಿಲ ಹಾಕ್ಕೊಂಡಳು." ಅವರು ಅಳಿಯನ ಕೈಗೆ ಭರಣಿ ಕೊಟ್ಟರು. "ಹುಷಾರ, ಎಣ್ಣಿ ಐತಿ."

ಗ್ಯಾಲರಿಯ ಮಂದಿ ಒಬ್ಬೊಬ್ಬರೇ ಒಳಗೆ ಸರಿದರು. ನೀಲಾವತಿ ಮಾತ್ರ ಕಟ್ಟೆ ಹಿಡಿದು ನಿಂತೇ ಇದ್ದಳು. ಭರಣಿಯನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತುವ ಹುಡುಗನನ್ನು ನೋಡಿ, ತಾನು ತೆಗೆಸಿದ ಒಂದೊಂದೇ ಮಾತನ್ನು ಅವಳು ಬೆರಳಲ್ಲಿ ಎಣಿಸತೊಡಗಿದಳು.

ಮಾರನೆಯ ಬೆಳಿಗ್ಗೆ ಅಡಿಗೆಮನೆ ನಜಮುನ್ನೀಸಾರ ಕೈಗೆ ಹೋಗಿತ್ತು. ಖೀಮಾದ ವಾಸನೆ ಮೂರು ಮಹಡಿ ಇಳಿದು ಶರೀಫ ಚಾಚಾನನ್ನು ಮಷೀನಿನಿಂದ ಎಬ್ಬಿಸಿ ಕರೆತಂದಿತು. ನೀಲಾವತಿ ತನ್ನ ಮನೆಯ ಬಾಗಿಲು ಮುಂದೆ ಮಾಡಿಕೊಂಡು ದಿಲನಾಜಗೆ ಫೋನು ಹಚ್ಚಿದಳು.

"ಹಲೋ ಅನಬ್ಯಾಡ, ಸುಮ್ನ ಕೇಳು," ಅಂದಳು. "ನಾ ತಗಿಸಿದ್ದು ಹೇಳ್ತೀನಿ." ಉಸಿರು, ಮಾತು ಹುಡುಕಿದ್ದು, ಮೂಗು, ದಿನಾ ಬೇಕು, ಎಲ್ಲವನ್ನೂ ಹಾಡು ಒಪ್ಪಿಸುವ ಹಾಗೆ ಒಪ್ಪಿಸಿದಳು. ಆ ಕಡೆಯಿಂದ ಮೂಗು ಏರಿಸಿದ ಸಪ್ಪಳವಷ್ಟೇ ಬಂತು, ಫೋನು ಕಟ್ಟಾಯಿತು. ಇಬ್ಬರೂ ಒಂದೇ ಅಚ್ಚಿನವರು ಅಂತ ನೀಲಾವತಿ ಗೊಣಗಿದಳು.

ಇದು ಜುನೇದನಿಗೆ ಗೊತ್ತಿಲ್ಲ. ಬರೆಯುವುದು ಸಾಕು, ಹೋಗಿ ಎದುರು ನಿಂತು ಬಾಯಿಬಿಟ್ಟು ಹೇಳಬೇಕು ಅಂತ ಅವನು ನಸುಕಿನಲ್ಲೇ ಗಟ್ಟಿ ಮಾಡಿಕೊಂಡಿದ್ದ. ಒಗೆದ ಅಂಗಿ ತೊಟ್ಟು ಹೊರಟ. ಅತ್ತೆ "ಎಲ್ಲಿಗಿ ಬೇಟಾ?" ಅಂದರು. ಮೆಟ್ಟಿಲಲ್ಲಿ ಶರಣಬಸಪ್ಪನವರು ಅದನ್ನೇ ಕೇಳಿದರು. ತನ್ನ ಬಾಗಿಲಿನಿಂದ ನೀಲಾವತಿಯೂ ಕೇಳಿದಳು. ಒಬ್ಬರಿಗೆ ಹೇಳಿದ್ದರೂ ಸಾಕಿತ್ತು. ಬಾಯಲ್ಲಿ ಇರುವಷ್ಟು ಮಾತನ್ನು ಮಲಾಡಿನ ತನಕ ಚೆಲ್ಲದೆ ಒಯ್ಯಬೇಕಲ್ಲ ಅಂತ ಅವನು ಮೂವರಿಗೂ "ಹೂಂ" ಅಂದ.

ಲೋಕಲ್ ಹಿಡಿದು ದಾದರಿನಲ್ಲಿ ಇಳಿದು, ಸೇತುವೆ ಹತ್ತಿ ಆ ಕಡೆಯ ಗಾಡಿ ಹಿಡಿದು, ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಹೋದ. ಪಕ್ಕದವನು, ಇವನು ನಮಾಜು ಮಾಡುತ್ತಿದ್ದಾನೆಂದು ತಿಳಿದು, ಜಾಗ ಬಿಟ್ಟುಕೊಟ್ಟ. ಮಲಾಡಿನ ಮನೆಯ ಮುಂದೆ ನಿಂತಾಗ ಮಾತು ಅಷ್ಟೂ ಅವನ ನಾಲಿಗೆಯ ತುದಿಯಲ್ಲಿತ್ತು. ಬಾಗಿಲಿಗೆ ಬೀಗ ಇತ್ತು.

ಜುನೇದ್ ಮುಲುಂಡು ಬಿಟ್ಟದ್ದು ಭಾನುವಾರ. ದಿಲನಾಜ ಮುಲುಂಡಿಗೆ ಹೊರಟು ಮಲಾಡು ಬಿಟ್ಟದ್ದೂ ಅದೇ ಭಾನುವಾರ, ಅವಳೂ ಯಾರಿಗೂ ಹೇಳಿರಲಿಲ್ಲ.