ಐದನೆಯ ಸಿಲಿಂಡರ್

ನನ್ನ ಹಳೆಯ ಕಾರಿಗೆ ಐದು ಸಿಲಿಂಡರ್. ನಾಲ್ಕರದ್ದು ಬೀದಿಗೆ ಹತ್ತು ಸಿಗುತ್ತವೆ, ಆರರದ್ದು ಸಿರಿವಂತರ ಮನೆ ಮುಂದೆ ನಿಂತಿರುತ್ತವೆ. ಐದರದ್ದು ಮಾತ್ರ ನನ್ನಂಥ ರಸಿಕಶಿಖಾಮಣಿಗಳ ಹತ್ತಿರ. ನಾಲ್ಕಕ್ಕೆ ದಮ್ಮಿಲ್ಲ, ಆರಕ್ಕೆ ಹೊಟ್ಟೆಬಾಕತನ, ನಂಬಿಕೆಗೆ ಐದೇ ಸರಿ ಎಂಬುದು ನನ್ನ ಮಹಾಸಿದ್ಧಾಂತ. (ಮನೆಯಲ್ಲಿ ಇದನ್ನು ಪೂರ್ತಿ ಕೇಳಿದವರು ಯಾರೂ ಇಲ್ಲ.)

“ಅಡುಗೆಮನೇಲಿರೋ ಒಂದೇ ಒಂದು ಸಿಲಿಂಡರ್ ಖಾಲಿಯಾಗಿ ಮೂರು ದಿನ ಆಯ್ತು. ಅದು ಕಣ್ಣಿಗೆ ಬೀಳಲ್ಲ, ಕಾರಿನೊಳಗೆ ಐದು ಎಣಿಸ್ತಾ ಕೂತಿದ್ದೀರಿ!” ಎಂದಳು ಹೆಂಡತಿ. “ಆ ಡಕೋಟ ಮಾರಿ, ನಾಲ್ಕರದ್ದೊಂದು ತಗೊಳ್ಳಿ. ಇದರಲ್ಲಿ ಕೂತ್ರೆ ಮೈಯೆಲ್ಲ ಗಡಗಡ ಅನ್ನುತ್ತೆ.”

“ಅದು ನಡುಕ ಅಲ್ಲ ಕಣೇ, ತಾಳ! ಐದು ಸಿಲಿಂಡರಿನ ಲಯವೇ ಹಾಗೆ.”

“ಹಾಗಾದ್ರೆ ನನ್ನ ತಮ್ಮನ ಗ್ಯಾರೇಜಿಗೆ ನಡೀರಿ. ಈ ಕಾರನ್ನ ನಂಬಬಹುದು ಅಂತ ಅವನು ಹೇಳಿದ್ರೆ ಇಟ್ಕೊಳ್ಳಿ. ಇಲ್ಲಾಂದ್ರೆ ಅಲ್ಲೇ ಬಿಟ್ಟು ಬರೋದು.”

ನಮ್ಮ ಮನೆಯಲ್ಲಿ ನಾನು ಹೇಳಿದ ಕಡೆ ತಿರುಗುವುದು ಆ ಕಾರೊಂದೇ. ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ ಎಂದು ಮೀಸೆ ತಿರುವಿ ಪರೀಕ್ಷೆಗೆ ಒಪ್ಪಿಕೊಂಡೆ.

ಮರುದಿನ ಬೆಳಿಗ್ಗೆ ಹೆಂಡತಿ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಸಾರಥಿಯಾಗಿ ನಾನು, ಹೀಗೆ ಸಿಲಿಂಡರಿಗೊಬ್ಬರಂತೆ ಐದು ಜನ ಹೊರಟೆವು. ಸೇತುವೆಯ ಏರಿನಲ್ಲಿ ಕಾರು ಏದುಸಿರು ಬಿಟ್ಟಿತು.

“ಇಳಿದು ತಳ್ಳೋಣ್ವಾ?” ಎಂದರು ಅತ್ತೆ.

“ಯಾರೂ ಇಳೀಕೂಡದು!” ಎಂದು ಗುಡುಗಿ, ಹಲ್ಲು ಕಚ್ಚಿ ಆಕ್ಸಿಲರೇಟರ್ ಒತ್ತಿದೆ. ಒಮ್ಮೆಯೂ ನಿಲ್ಲದೆ ಗ್ಯಾರೇಜು ಸೇರಿದೆವು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಇಳಿದೆ.

ಬಾಮೈದ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಂತೆಯೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಳಚಿ, ಮತ್ತೆ ಸಿಕ್ಕಿಸಿ ನೋಡಿದ. ನಾಲ್ಕು ಸಲ ಇಂಜಿನ್ ಮುಗ್ಗರಿಸಿತು. ಐದನೆಯ ವೈರು ಕಳಚಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ.

“ಭಾವ, ಇಂಜಿನ್ ಕಲ್ಲುಗುಂಡಿನ ಹಾಗಿದೆ. ಆದ್ರೆ ಐದರಲ್ಲಿ ಒಂದು ಯಾವತ್ತಿನಿಂದಲೋ ಕೆಲಸಾನೇ ಮಾಡ್ತಿಲ್ಲ. ಪಾಪ, ನಾಲ್ಕೇ ಸೇರಿ ಎಳೀತಿವೆ, ಅದು ಸುಮ್ನೆ ಜೊತೇಲಿ ಕುಣೀತಿದೆ. ನಿಮ್ಮ ತಾಳ ಅದೇ.”

ನಾನು ಬಗ್ಗಲಿಲ್ಲ. “ನೋಡಿದ್ಯೇನೇ! ನಾಲ್ಕರ ಕಾರಲ್ಲಿ ಒಂದು ಸತ್ತಿದ್ರೆ ಮೂರೇ ಉಳೀತಿತ್ತು. ಇಲ್ಲಿ ಇನ್ನೂ ನಾಲ್ಕಿದೆ!”

ಹೆಂಡತಿ ಅತ್ತೆಯ ಮುಖ ನೋಡಿದಳು, ಅತ್ತೆ ಮೊಮ್ಮಕ್ಕಳ ಮುಖ ನೋಡಿದರು. ಆಮೇಲೆ ನಾಲ್ವರೂ ನನ್ನನ್ನು ನೋಡಿದರು.

“ಕಾರು ಇರ್ಲಿ ಬಿಡಿ,” ಎಂದಳು ಹೆಂಡತಿ. “ನಮ್ಮನೆಯೂ ಇಷ್ಟು ವರ್ಷ ಹೀಗೇ ಓಡ್ತಿಲ್ವಾ?”

ಬಾಮೈದ ಹೊಸ ಪ್ಲಗ್ ಹಾಕಿದ, ಕಾರಿನ ನಡುಕ ನಿಂತಿತು. ಸಂಜೆ ನಾನು ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲೇರಿದೆ. ತಾಳ ಈಗ ನನ್ನ ಮೊಣಕಾಲಿಗೆ ಬಂದಿದೆ.