ಸೀಟು ಸಿಕ್ಕ ಚೀಲ

ಆರು ವರ್ಷದಿಂದ ಸಂಗನಬಸವ ಲಿಂಗಸುಗೂರಿನ ಕಚೇರಿಗೆ ನಿಂತುಕೊಂಡೇ ಹೋಗುತ್ತಿದ್ದ. ಸಿಂಧನೂರಿನಿಂದ ಎಂಟಕ್ಕೆ ಹೊರಟ ಬಸ್ಸು ಮಸ್ಕಿ ದಾಟಿ ಅವನೂರಿನ ಕ್ರಾಸಿಗೆ ಬರುವ ಹೊತ್ತಿಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಎಷ್ಟೋ ಸಲ ನಿಲ್ಲದೆಯೇ ಹೋಗಿಬಿಡುತ್ತಿತ್ತು. ಇನ್ನೊಂದು ದಿನ ಹತ್ತು ಗಂಟೆ ದಾಟಿ ಬಂದರೆ ನೋಟಿಸು ಗ್ಯಾರಂಟಿ ಎಂದು ಸಾಹೇಬರು ಶನಿವಾರವಷ್ಟೇ ಗದರಿಸಿದ್ದರು.

ಅಂಥದರಲ್ಲಿ ಪೇಪರಿನಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ದಿನಾ ಓಡಾಡುವವರಿಗಾಗಿ ಈ ದಾರಿಗೆ ಹೊಸ ಬಸ್ಸು ಬಿಡುವ ಯೋಜನೆ ಇದೆ. ಸೋಮವಾರ ಅಧಿಕಾರಿಗಳು ಒಂದೊಂದೇ ಸ್ಟಾಪಿನಲ್ಲಿ ಕಾದು ನಿಂತವರನ್ನು ಎಣಿಸುತ್ತಾರೆ. ಮಂದಿ ಹೆಚ್ಚಿದ್ದಲ್ಲಿಗೆ ಬಸ್ಸು. ಸಂಗನಬಸವನ ಸಂಭ್ರಮ ಹೇಳತೀರದು. ಭಾನುವಾರವಿಡೀ ಮನೆಮನೆ ತಿರುಗಿದ.

"ಚೀಲ ಹಿಡಕೊಂಡು ಬಂದು ಸುಮ್ನ ನಿಂದರ್ರಿ. ಬಸ್ ಬಂದ್ರ ಮಾತ್ರ ಎಣಿಸಿ ಮುಗಿಯೋತನಕ ಯಾರೂ ಹತ್ತಬ್ಯಾಡ್ರಿ!"

"ಹತ್ತಾಕ ಜಾಗಾ ಎಲ್ಲಿರ್ತೈತೋ ಮಾರಾಯಾ?" ಎಂದ ಕ್ರಾಸಿನ ಚಹಾ ಅಂಗಡಿಯ ಅಂಬಪ್ಪ.

ಉಪಾಯದ ಹೆಮ್ಮೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಸಿಂಧನೂರಿನ ಭಾವನಿಗೂ ಮಸ್ಕಿಯ ಮಾವನಿಗೂ ಫೋನು ಮಾಡಿ ಕೊಚ್ಚಿಕೊಂಡ.

ಸೋಮವಾರ ಕ್ರಾಸಿನಲ್ಲಿ ನಲವತ್ತೈದು ಮಂದಿ! ಬಳೆ ಮಾರುವ ಸುಭಾನಬಿ ಹೊಸ ಸೀರೆ ಉಟ್ಟು ಬಂದಿದ್ದಳು. ಅಂಬಪ್ಪ ಅಂಗಡಿ ಮುಚ್ಚಿ, ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದ. ಸಂಗನಬಸವ ಮೂರು ಸಲ ಎಣಿಸಿದ.

ಬಸ್ಸು ಬಂತು. ಬಂದು ನಿಂತಿತು. ಒಳಗೆ ಡ್ರೈವರು, ಕಂಡಕ್ಟರು ಬಿಟ್ಟರೆ ಒಂದು ನರಪಿಳ್ಳೆಯೂ ಇಲ್ಲ!

ಖಾಲಿ ಸೀಟನ್ನು ಆ ಊರಿನವರು ಕಂಡವರೇ ಅಲ್ಲ. ಮೊದಲು ಅಂಬಪ್ಪನ ಟವೆಲು ಕಿಟಕಿಯೊಳಗೆ ಹಾರಿತು. ಆ ಸೀಮೆಯಲ್ಲಿ ಸೀಟಿನ ಮೇಲೆ ಬಿದ್ದ ಟವೆಲಿಗೆ ರಿಜಿಸ್ಟ್ರಿ ಆದ ಹೊಲದಷ್ಟೇ ಬೆಲೆ. ಅದು ಬಿದ್ದ ಮೇಲೆ ಒಡೆಯ ಹಿಂದೆಯೇ ಹೋಗಬೇಕು. ಟವೆಲು, ಚೀಲ, ಕರ್ಚೀಫು ಎಲ್ಲವೂ ಹಾರಿದವು.

"ಹತ್ತಬ್ಯಾಡ್ರೀ! ಎಣಿಸವ್ರು ಬರಾಕತ್ತಾರ!" ಸಂಗನಬಸವ ಅಂಬಪ್ಪನ ಅಂಗಿ ಹಿಡಿದು ಜಗ್ಗಿದ. "ಅಂಬಪ್ಪಣ್ಣ, ಲಿಂಗಸುಗೂರಾಗ ನಿನಗೇನು ಕೆಲಸ?"

"ಕೆಲಸ ಏನಿಲ್ಲೋ. ಸೀಟು ಐತಲ್ಲ!"

ಅಷ್ಟರಲ್ಲಿ ಸುಭಾನಬಿ ಸಂಗನಬಸವನ ಕೈಲಿದ್ದ ಚೀಲ ಕಸಿದುಕೊಂಡು ಹತ್ತಿಬಿಟ್ಟಳು. "ಸಂಗಣ್ಣ, ನಿನಗೂ ಕಿಟಕಿ ಸೀಟು ಹಿಡದೀನಿ. ಲಗೂನ ಬಾರಪಾ!"

ಅವನು ಹಿಂದಿನ ಬಾಗಿಲಲ್ಲಿ ಒಬ್ಬನನ್ನು ಇಳಿಸುವುದರೊಳಗೆ ಮುಂದಿನಿಂದ ಐವರು ಏರಿದರು. ಇಳಿಸಿದವನೂ ಓಡಿಹೋಗಿ ಮುಂದೆ ಹತ್ತಿದ. ಕಂಡಕ್ಟರು ಸೀಟಿ ಊದಿದ, ಬಸ್ಸು ಹೊರಟಿತು. ಸಂಗನಬಸವ ಓಡಿದ, ಕೂಗಿದ, ಧೂಳು ಕುಡಿದು ವಾಪಸಾದ.

ಆಗ ಮಸ್ಕಿ ಕಡೆಯಿಂದ ಜೀಪು ಬಂತು. ಇಳಿದ ಅಧಿಕಾರಿ ಸುತ್ತಲೂ ನೋಡಿದರು.

"ಇಲ್ಲಿ ನೀವೊಬ್ಬರೇನ್ರಿ?"

"ಈಗಷ್ಟ ನಲವತ್ತೈದು ಮಂದಿ ಇದ್ರರೀ! ಎಲ್ಲಾರೂ ಬಸ್ ಹತ್ತಿ ಹೋದ್ರು."

"ಅಂದ್ರ ಇರೋ ಬಸ್ಸು ಸಾಕಾಗ್ತೈತಿ," ಎಂದು ಅವರು ಹಾಳೆಯಲ್ಲಿ 'ಒಂದು' ಎಂದು ಬರೆದರು. "ಸಿಂಧನೂರಾಗ ನೋಡಬೇಕಿತ್ರಿ, ಇನ್ನೂರು ಮಂದಿ! ಮಸ್ಕ್ಯಾಗ ನೂರಾ ನಲವತ್ತು! ಬಸ್ಸು ಮುಂದ ನಿಂತ್ರೂ ಒಬ್ಬರೂ ಹತ್ತಲಿಲ್ಲ. ಹಳೇ ಬಸ್ಸಿಗೆ ಎಷ್ಟು ಬ್ಯಾಸತ್ತಿರಬೇಕು, ಪಾಪ! ಹೊಸ ಬಸ್ಸು ಅವರಿಗೇ ಬರೀತೀನಿ. ಸಿಂಧನೂರಿಂದ ಮಸ್ಕಿಗೆ ಬಂದು ಅಲ್ಲೇ ತಿರುಗ್ತೈತಿ."

ಭಾವ! ಮಾವ! ಸಂಗನಬಸವ ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತ. ಜೀಪು ಬಂದ ದಾರಿಗೇ ತಿರುಗಿ ಹೋಯಿತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಸಂಗಣ್ಣ, ಕಾಳಜಿ ಮಾಡಬ್ಯಾಡ," ಎಂದಳು ಸುಭಾನಬಿ. "ನಿನ್ನ ಚೀಲ ಕಿಟಕಿ ಸೀಟಿನ್ಯಾಗ ಆರಾಮ ಕುಂತೈತಿ. ಯಾರನ್ನೂ ಕುಂದ್ರಾಕ ಬಿಟ್ಟಿಲ್ಲ!"

ಹತ್ತಕ್ಕೆ ಹದಿನೈದು ನಿಮಿಷ ಇರುವಾಗಲೇ ಚೀಲ ಲಿಂಗಸುಗೂರು ಮುಟ್ಟಿತು.