ಏಡಿ ಬಿಲ ಇಲ್ಲದ ಲೆಕ್ಕ

ತಾನು ಕಲಿತದ್ದು ತನ್ನ ಹಿತ್ತಲಿಗೂ ಅನ್ವಯಿಸುತ್ತದೆಂದು ನಂಬುವುದು ಓದಿದವರಿಗೆ ಬರುವ ಕಾಯಿಲೆ. ನನಗದು ಜೋರಾಗಿಯೇ ಬಂದಿತ್ತು. ಕಡಲತೀರದ ಮರಳಿನಲ್ಲಿ ಬ್ಯಾಕ್ಟೀರಿಯಾಗಳು ಎಷ್ಟು ದಿನಕ್ಕೆ ಎಷ್ಟು ದೂರ ಸಾಗಿ ಬಾವಿ ಸೇರುತ್ತವೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಮರಳು ಅವನ್ನು ಸೋಸುತ್ತದೆ, ಬಹಳಷ್ಟನ್ನು ದಾರಿಯಲ್ಲೇ ಹಿಡಿದಿಡುತ್ತದೆ. ಮಲೆನಾಡಿನ ಹೆಗ್ಗದ್ದೆಯ ನಮ್ಮ ಮನೆಗೆ ಹೊಸ ಕಕ್ಕಸು ಕಟ್ಟಿಸುವಾಗ ಇದನ್ನೆಲ್ಲ ವಿವರಿಸಿ, ಗುಂಡಿಯ ಜಾಗಕ್ಕೆ ಕೋಲು ನೆಟ್ಟವಳು ನಾನೇ. ಇನ್ನೂ ಆಚೆ ತೋಡಿದರೆ ಅಪ್ಪ ನೆಟ್ಟ ಕಿತ್ತಳೆ ಗಿಡ ಹೋಗುತ್ತಿತ್ತು. ಗುಂಡಿ ತೋಡುವ ರಾಮಯ್ಯ, ಬಾವಿಗೆ ಹತ್ತಿರವಾಯಿತೆಂದು ಗೊಣಗಿದ. ಮೂವತ್ತು ಹೆಜ್ಜೆ ಧಾರಾಳ ಸಾಕೆಂದು ಲ್ಯಾಪ್‌ಟಾಪ್ ತೆರೆದು ಬಣ್ಣಬಣ್ಣದ ಚಿತ್ರ ತೋರಿಸಿದೆ. ಅವನು ಭಕ್ತಿಯಿಂದ ನೋಡಿ ಗುದ್ದಲಿ ಎತ್ತಿಕೊಂಡ.

ಈ ಮಳೆಗಾಲ ಅಣ್ಣನ ಎಂಟು ತಿಂಗಳ ಮಗಳಿಗೆ ಎರಡು ಸಲ ಭೇದಿಯಾಯಿತು. ಎರಡನೆಯ ಸಲ ಸಕಲೇಶಪುರದಲ್ಲಿ ಡ್ರಿಪ್ ಹಾಕಿಸಬೇಕಾಯಿತು. ಅತ್ತಿಗೆ ಬೈದಿದ್ದರೆ ಸುಲಭವಾಗುತ್ತಿತ್ತು. ಅವಳು ಗುಂಡಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ನಮ್ಮ ಲ್ಯಾಬಿನಿಂದ, ನೀರು ಹರಿಯುವ ದಾರಿ ತಿಳಿಯಲು ಬಳಸುವ ಹಸಿರು ಬಣ್ಣ ತಂದು ಬೆಳಿಗ್ಗೆ ಗುಂಡಿಗೆ ಸುರಿದೆ. ನನ್ನ ಲೆಕ್ಕದ ಪ್ರಕಾರ ಅದು ಬಾವಿಗೆ ಬರಲು ಹದಿನೈದು ದಿನ ಬೇಕು. ಅತ್ತಿಗೆ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾವಿಕಟ್ಟೆಯ ಬಳಿಯೇ ನಿಂತಳು. ಅರ್ಧ ಗಂಟೆಗೊಮ್ಮೆ ನೀರು ಸೇದಿ ಬಿಳಿ ಬೇಸಿನ್‌ಗೆ ಸುರಿದೆವು. ತಿಳಿ ನೀರು. ಮತ್ತೆ ತಿಳಿ ನೀರು. ನಾನು ಗೆದ್ದವಳಂತೆ ಮಾತಾಡುತ್ತಿದ್ದೆ. ಊಟದ ಹೊತ್ತಿಗೆ ಬೇಸಿನ್‌ನಲ್ಲಿ ಎಳೆ ಬಾಳೆಎಲೆಯ ಬಣ್ಣ ಕಾಣಿಸಿತು. ಅತ್ತಿಗೆ ಮಗುವನ್ನು ಇನ್ನೊಂದು ಸೊಂಟಕ್ಕೆ, ನೀರಿನಿಂದ ದೂರಕ್ಕೆ, ಬದಲಿಸಿಕೊಂಡಳು. ನನಗೆ ನಾಚಿಕೆಯಿಂದ ಅಳು ಬಂತು.

ಕರೆಸಿದ ರಾಮಯ್ಯ ಗುಂಡಿಯ ಸುತ್ತ ಕುಕ್ಕರಗಾಲಲ್ಲಿ ಕೂತು ಹುಡುಕಿ, ಬಾವಿಯ ಕಡೆಗಿಳಿದ ಬಿಲಗಳನ್ನು ತೋರಿಸಿದ. "ನಿಮ್ಮ ಚಿತ್ರದಾಗೆ ಏಡಿ ಬಿಲ ಎಲ್ಲೈತವ್ವಾ?"

ಇರಲಿಲ್ಲ. ಅವತ್ತೇ ಯಾಕೆ ಹೇಳಲಿಲ್ಲವೆಂದು ರೇಗಿದೆ.

"ಓದಿರೋರು ನೀವು. ಏಡೀನೂ ಒಳಗೆ ಸೇರ್ಸಿರ್ತೀರಿ ಅಂದ್ಕಂಡೆ."

ಈಗ ಹಳೆಯ ಗುಂಡಿ ಮುಚ್ಚಿದೆ, ಆಚೆ ತೋಡಿದ ಹೊಸ ಗುಂಡಿಗೆ ಕಿತ್ತಳೆ ಗಿಡ ಹೋಗಿದೆ. ಮಗು ಚೇತರಿಸಿಕೊಂಡಿದೆ. ರಜೆ ಮುಗಿಯುವವರೆಗೆ ಅದರ ನೀರು ಕಾಯಿಸುವ ಕೆಲಸ ನನ್ನದು. ಕುದಿಯಲು ಇನ್ನೆಷ್ಟು ಹೊತ್ತು ಬೇಕೆಂದು ಅತ್ತಿಗೆ ಒಳಗಿನಿಂದ ಕೇಳುತ್ತಾಳೆ. ನಾನು ಲೆಕ್ಕ ಹೇಳುವುದಿಲ್ಲ. ಮುಚ್ಚಳ ತೆಗೆದು ನೋಡುತ್ತೇನೆ.